‘ಸಣ್ಣ ಆಪರೇಶನ್ ಸಾಕು ಮೇಡಂ’

ಆಪ್ತಸಲಹೆಗಾರಳಾಗಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಬದಿಯಡ್ಕ ಕಡೆಯವರು, ವಯಸ್ಸು 46. ಸ್ವಲ್ಪ ಅಡಿಕೆ ತೋಟ ಉಂಟು. ಗರ್ಭಕೋಶದ ಬಾಯಿಯ ಕ್ಯಾನ್ಸರ್, ಆರಂಭದ ಹಂತ, ಗಡ್ಡೆ 3 ಸೆಂಟಿಮೀಟರ್. ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ ಇಬ್ಬರು ಡಾಕ್ಟರರಿಗೆ ತೋರಿಸಿದ್ದರು. ಒಬ್ಬರು ಹೊಟ್ಟೆ ತೆರೆದೇ ಮಾಡಬೇಕು ಎಂದರಂತೆ. ಇನ್ನೊಬ್ಬರು ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಆಗುತ್ತದೆ ಎಂದರಂತೆ.

ಗಂಡನದ್ದು ಒಂದೇ ಮಾತು. "ನನ್ನ ತಮ್ಮನಿಗೆ ಪಿತ್ತಕೋಶದ ಕಲ್ಲು ತೂತು ಮಾಡಿಯೇ ತೆಗೆದದ್ದು. ವಾರದಲ್ಲಿ ತೋಟಕ್ಕೆ ಇಳಿದಿದ್ದಾನೆ. ಇವಳಿಗೂ ಸಣ್ಣದೇ ಸಾಕು."

ಗಂಡನನ್ನು ಚಹಾ ಕುಡಿದು ಬನ್ನಿ ಎಂದು ಕ್ಯಾಂಟೀನಿಗೆ ಕಳಿಸಿದೆ. ಆ ಅಕ್ಕ ರಿಪೋರ್ಟಿನ ಪ್ಲಾಸ್ಟಿಕ್ ಚೀಲವನ್ನು ಮಡಚುವುದು, ಬಿಡಿಸುವುದು ಮಾಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು. "ತೂತಾದರೆ ಅತ್ತೆಗೆ ಗೊತ್ತಾಗ್ಲಿಕ್ಕಿಲ್ಲ ಅಲ್ವಾ? ಸುಮ್ನೆ ಗಡ್ಡೆ ತೆಗೆಸಿದ್ದು ಅಂತ ಹೇಳುವ ಅಂತ ಇದ್ದೇವೆ."

ಅಷ್ಟು ಹೊತ್ತು ನಾವು ಮಾತಾಡಿದ್ದು ಆಪರೇಶನ್ ಬಗ್ಗೆ ಅಲ್ಲವೇ ಅಲ್ಲ ಎಂದು ಆಗ ಹೊಳೆಯಿತು.

ನಾನು ಹೇಳಿದೆ: ಅಕ್ಕಾ, ಸಣ್ಣದು ಹೊರಗಿನ ಗಾಯ ಮಾತ್ರ. ಒಳಗೆ ಎರಡರಲ್ಲೂ ಅದೇ ಕೆಲಸ. ಗರ್ಭಕೋಶ, ಅದರ ಅಕ್ಕಪಕ್ಕದ ಮಾಂಸ, ಯೋನಿಯ ಮೇಲಿನ ತುಂಡು, ಲಿಂಫ್ ಗ್ರಂಥಿಗಳು, ಇಷ್ಟನ್ನೂ ತೆಗೆಯುತ್ತಾರೆ. ಮೂತ್ರಕೋಶದ ನರಗಳಿಗೆ ಪೆಟ್ಟಾಗುವುದರಿಂದ ಕೆಲವು ದಿನ ಮೂತ್ರದ ಟ್ಯೂಬ್ ಇರುತ್ತದೆ. ಚೀಲ ಹಿಡಿದುಕೊಂಡೇ ಮನೆಗೆ ಬರಬೇಕಾಗಬಹುದು. ಅದನ್ನು ಅತ್ತೆಯಿಂದ ಎಲ್ಲಿ ಅಡಗಿಸುತ್ತೀರಿ?

ಅವರಿಗೆ ನಗು ಬಂತು. ನಂತರ ಅತ್ತರು.

ಆಮೇಲೆ ಅಂಕಿ ಹೇಳಿದೆ. ಇದಕ್ಕೆ ಕೆಲವು ಡಾಕ್ಟರರು ನನ್ನ ಮೇಲೆ ಸಿಟ್ಟಾಗಿದ್ದುಂಟು, ಆಪ್ತಸಲಹೆಗಾರರಿಗೆ ಯಾಕೆ ಬೇಕು ಅಂಕಿ ಎಂದು. ಆದರೆ 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಗುಟ್ಟಿನ ವಿಷಯ ಅಲ್ಲ. ಇದೇ ರೋಗದ ಆರಂಭದ ಹಂತದಲ್ಲಿದ್ದ 631 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದ್ದರು. ನಾಲ್ಕೂವರೆ ವರ್ಷದ ಲೆಕ್ಕದಲ್ಲಿ ರೋಗ ಮರಳದೆ ಬದುಕಿದ್ದವರು ಹೊಟ್ಟೆ ತೆರೆದ ಗುಂಪಿನಲ್ಲಿ ಶೇ. 96.5, ತೂತಿನಲ್ಲಿ (ಕೆಲವರಿಗೆ ರೋಬೋಟಿನ ಸಹಾಯದಿಂದ) ಮಾಡಿದ ಗುಂಪಿನಲ್ಲಿ ಶೇ. 86. ಶುರು ಮಾಡಿದವರೇ ಇದನ್ನು ನಿರೀಕ್ಷಿಸಿರಲಿಲ್ಲ. ಗರ್ಭಕೋಶ ಅಲುಗಿಸಲು ಒಳಗೆ ಹಾಕುವ ಸಲಕರಣೆಯಿಂದಲೋ, ಹೊಟ್ಟೆ ಉಬ್ಬಿಸುವ ಗ್ಯಾಸಿನಿಂದಲೋ ಕ್ಯಾನ್ಸರ್ ಕಣ ಚದುರಬಹುದು ಎಂಬ ಅನುಮಾನ ಉಂಟು. ಪಿತ್ತಕೋಶದ ಕಲ್ಲಿಗೆ ಈ ರಗಳೆ ಇಲ್ಲ. ಮೈದುನನ ಕಥೆ ಇಲ್ಲಿ ಲೆಕ್ಕಕ್ಕಿಲ್ಲ.

2 ಸೆಂಟಿಮೀಟರಿಗಿಂತ ದೊಡ್ಡದಲ್ಲದ, ಆಳಕ್ಕಿಳಿಯದ ಗಡ್ಡೆಗೆ ಅಕ್ಕಪಕ್ಕದ್ದನ್ನು ಬಿಟ್ಟು ಗರ್ಭಕೋಶ ತೆಗೆದರೂ ಸಾಕಾಗಬಹುದು ಎಂದು 2024ರಲ್ಲಿ ಇನ್ನೊಂದು ಅಧ್ಯಯನ ಬಂತು. ಇವರ ಗಡ್ಡೆಗೆ ಅದು ಹೊಂದುವುದಿಲ್ಲ.

ಯಾವ ಆಪರೇಶನ್ ಎಂದು ನಾನು ಆರಿಸಲಿಲ್ಲ, ಆರಿಸುವುದೂ ಇಲ್ಲ. ತೂತಿನಲ್ಲಿ ಮಾಡುತ್ತೇನೆ ಎಂದವರ ಹತ್ತಿರ ಹೋಗಿ ‘2018ರ ಫಲಿತಾಂಶ ನೋಡಿಯೂ ನನಗೆ ಯಾಕೆ ಇದು?’ ಎಂದು ಕೇಳಿ ಎಂದೆ, ಅಷ್ಟೇ. ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿ ಎಂದೂ ಹೇಳಿದೆ. ಗುಟ್ಟು ಉಳಿಸಲಿಕ್ಕೆ ಆಪರೇಶನ್ ಆರಿಸುವುದನ್ನು ನಾನು ಒಪ್ಪುವುದಿಲ್ಲ. ಇದರಲ್ಲಿ ನಾನು ಸ್ವಲ್ಪ ಹಟಮಾರಿಯೇ.

ಹೊಟ್ಟೆ ತೆರೆದು ಮಾಡುವುದೆಂದು ನಿಶ್ಚಯವಾಯಿತು. ಹಿಂದಿನ ವಾರ ಅತ್ತೆಯ ಫೋನ್ ಬಂತು. "ಇದು ಅಂಟ್ತದಾ? ಬಟ್ಟಲು ಬೇರೆ ಇಡ್ಬೇಕಾ?"

"ಬೇಡಮ್ಮ, ಕ್ಯಾನ್ಸರ್ ಅಂಟುವುದಿಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. "ಬಾವಿಯಿಂದ ನೀರು ಸೇದ್ಲಿಕ್ಕೆ ಎಷ್ಟು ದಿವಸ ಬೇಕಾದೀತು?"

ಕಡಿಮೆಯೆಂದರೂ ಒಂದೂವರೆ ತಿಂಗಳು ಕೊಡಪಾನ ಮುಟ್ಟಬಾರದು ಎಂದೆ.

"ಹಾಗಾದರೆ ಆ ಕೆಟ್ಟ ಪಂಪ್ ರಿಪೇರಿ ಮಾಡಿಸ್ಲಿಕ್ಕೆ ಹೇಳ್ತೇನೆ ಇವನಿಗೆ" ಎಂದು ಫೋನಿಟ್ಟರು.