ಐಕಿಡೊ ಬೀದೀಲಿ ಕೆಲಸಕ್ಕೆ ಬರುತ್ತಾ? ಕ್ಯಾತ್ಸಂದ್ರದ ಅಣ್ಣನ ಪ್ರಶ್ನೆಗೆ

ನಮಸ್ಕಾರ ಅಣ್ಣ. ಮಗಳು ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಬರ್ತಾಳೆ, ರಾತ್ರಿ ಕ್ಯಾತ್ಸಂದ್ರ ಸ್ಟೇಷನ್ನಲ್ಲಿ ಇಳಿದು ಮನೆವರೆಗೂ ನಡೀಬೇಕು, ಹತ್ತಿರದಲ್ಲೇ ಐಕಿಡೊ ಅನ್ನೋ ಜಪಾನಿ ಸಮರಕಲೆಯ 3 ತಿಂಗಳ ಕ್ಲಾಸ್ ಶುರುವಾಗಿದೆ, ಸೇರಿಸಲಾ ಅಂತ ಕೇಳಿದ್ರಿ. ಅದಕ್ಕೆ ಒಬ್ಬರು ‘ಬರೀ ಡ್ಯಾನ್ಸು’ ಅಂದ್ರು, ಇನ್ನೊಬ್ಬರು ‘ಜಪಾನ್ ಪೊಲೀಸರೇ ಕಲೀತಾರೆ, ಕಣ್ಮುಚ್ಚಿ ಸೇರಿಸಿ’ ಅಂದ್ರು. ಎರಡೂ ಅರ್ಧ ಸತ್ಯ. ಉತ್ತರ ಉದ್ದ ಆಗುತ್ತೆ, ಮಗಳ ವಿಷಯ ಆದ್ದರಿಂದ ಪೂರ್ತಿ ಓದಿ.

3 ತಿಂಗಳ ಐಕಿಡೊ ಒಂದನ್ನೇ ನಂಬಿಕೊಂಡು ಯಾರನ್ನೂ ಎದುರಿಸೋಕಾಗಲ್ಲ. ಏಟಾಗದ ಹಾಗೆ ಬೀಳೋದು, ಪಕ್ಕಕ್ಕೆ ಸರಿಯೋದು, ಹಿಡಿದ ಕೈ ಬಿಡಿಸಿಕೊಳ್ಳೋದು, ಈ ಮೂರನ್ನ ಮಾತ್ರ ಅಷ್ಟರಲ್ಲಿ ಗಟ್ಟಿಯಾಗಿ ಕಲೀಬಹುದು. ಅದೂ ಕಲಿಸೋರು ಸರಿಯಾಗಿದ್ರೆ.

ಐಕಿಡೊ ಕಟ್ಟಿದ ಮೊರಿಹೆಯ್ ಉಯೆಶಿಬಾ (1883–1969) ಮುಖ್ಯವಾಗಿ ಕಲಿತಿದ್ದು ತಕೆದಾ ಸೊಕಾಕು ಹತ್ತಿರ, ದೈತೊ-ರ್ಯು ಅನ್ನೋ ಹಳೇ ಜುಜುತ್ಸು, ಅಂದ್ರೆ ಹಿಡಿದು ಬೀಳಿಸೋ ಜಪಾನಿ ವಿದ್ಯೆ. ಆ ಪಟ್ಟುಗಳ ಹಿಂದೆ ಇರೋದು ಕತ್ತಿ. ಸೊಂಟದಲ್ಲಿ ಕತ್ತಿ ಇರೋನ ಮಣಿಕಟ್ಟು ಹಿಡಿದ್ರೆ ಅವನು ಕತ್ತಿ ಎಳೆಯೋಕಾಗಲ್ಲ. ಅದಕ್ಕೇ ಕ್ಲಾಸಲ್ಲಿ ಅಷ್ಟೊಂದು ಮಣಿಕಟ್ಟು ಹಿಡಿಯೋ ಅಭ್ಯಾಸ. ಶೋಮೆನ್‌ಉಚಿ ಅಂತ ನೆತ್ತಿ ಮೇಲಿಂದ ಕೈ ಬೀಸಿ ಹೊಡೆಯೋದೂ ಕತ್ತಿ ಏಟಿನ ರೂಪವೇ. ಒಂದೇ ಏಟು, ಮೈಭಾರವೆಲ್ಲ ಅದರ ಹಿಂದೆ, ಹೊಡೆದ ಕೈ ಮುಂದೇನೇ ನಿಂತಿರುತ್ತೆ. ನಮ್ಮೂರ ಬಸ್ ಸ್ಟ್ಯಾಂಡ್ ಜಗಳ ಹೀಗಿರಲ್ಲ. ಮೊದಲು ಬೈಗುಳ, ಆಮೇಲೆ ಎದೆಗೆ ಕೈಹಾಕಿ ತಳ್ಳೋದು, ಕೊರಳಪಟ್ಟಿ ಹಿಡಿಯೋದು, ಕಪಾಳಕ್ಕೆ ಬಿಡೋದು. ಹೆಣ್ಣುಮಕ್ಕಳ ಮೇಲಾದ್ರೆ ಕೈ ಹಿಡಿದು ಎಳೆಯೋದು, ಜಡೆಗೆ ಕೈಹಾಕೋದು.

ಒಂದು ಪಟ್ಟನ್ನ ಹತ್ತಿರದಿಂದ ನೋಡೋಣ. ಕೊತೆಗಾಯೇಶಿ ಅಂದ್ರೆ ಎದುರಾಳಿಯ ಅಂಗೈ ಮಡಿಸಿ ಹೊರಕ್ಕೆ ತಿರುಗಿಸಿ ಬೀಳಿಸೋದು. ನಿಮ್ಮ ಹೆಬ್ಬೆರಳು ಅವನ ಕೈ ಹಿಂಭಾಗದಲ್ಲಿ ಉಂಗುರಬೆರಳು, ಕಿರುಬೆರಳಿನ ಗೆಣ್ಣುಗಳ ಮೇಲೆ ಕೂರಬೇಕು, ಮಿಕ್ಕ ಬೆರಳು ಅವನ ಹೆಬ್ಬೆರಳ ಬುಡ ಸುತ್ತಬೇಕು, ಆಮೇಲೆ ನಿಮ್ಮ ಸೊಂಟ ತಿರುಗಬೇಕು. ಇಷ್ಟಾಗೋವರೆಗೆ ಆ ಕೈ ಅಲ್ಲೇ ಇರಬೇಕಲ್ಲ? ಗುದ್ದೋ ಕೈ ತಾಗಿದ ಕೂಡಲೇ ವಾಪಸ್ ಹೋಗುತ್ತೆ. ಬೆವರಿದ ಕೈಯಾದ್ರೆ ಜಾರುತ್ತೆ. ಭಯದಲ್ಲಿ ನಮ್ಮ ಬೆರಳು ನಡುಗುತ್ತೆ, ಇಂಥ ನಾಜೂಕು ಹಿಡಿತ ಸಿಗಲ್ಲ. ಅವನ ಇನ್ನೊಂದು ಕೈ ಅಷ್ಟರಲ್ಲಿ ನಿಮ್ಮ ಮುಖಕ್ಕೆ ಬಂದಿರುತ್ತೆ. ಕ್ಲಾಸಲ್ಲಿ ಆ ಇನ್ನೊಂದು ಕೈ ಸುಮ್ಮನೆ ಜೋತಾಡ್ತಿರುತ್ತೆ, ಗಮನಿಸಿ ನೋಡಿ.

ಇದಕ್ಕಿಂತ ದೊಡ್ಡ ತೊಂದರೆ ಬೀಳೋನದ್ದು. ಪಟ್ಟು ಹಾಕಿಸಿಕೊಳ್ಳೋನಿಗೆ, ಅವನನ್ನ ಉಕೆ ಅಂತಾರೆ, ಕೀಲಿಗೆ ಪೆಟ್ಟಾಗದೇ ಇರಲಿ ಅಂತ ಮೊದಲೇ ಬೀಳೋದು ಕಲಿಸ್ತಾರೆ. ಅದು ಸರಿಯೇ. ಆದ್ರೆ ತಿಂಗಳುಗಟ್ಟಲೆ ಹಾಗೇ ನಡೆದ್ರೆ ಅವನಿಗೆ ಬೀಳೋದು ಅಭ್ಯಾಸವಾಗುತ್ತೆ, ಹಾಕೋನಿಗೆ ನನ್ನ ಪಟ್ಟೇ ಬೀಳಿಸ್ತು ಅನ್ನೋ ನಂಬಿಕೆ ಕೂರುತ್ತೆ. ನಮ್ಮ ಗರಡಿಮನೆಯಲ್ಲಿ ಹೀಗಾಗಲ್ಲ. ಉಸ್ತಾದ್ ಒಂದು ಪಟ್ಟು ಹೇಳಿಕೊಟ್ರೆ ಹುಡುಗ ಅದನ್ನ ಮಣ್ಣಲ್ಲಿ, ಬೀಳಲ್ಲ ಅಂತ ಹಟ ಹಿಡಿದ ಜೋಡಿ ಮೇಲೆ ಹಾಕಿ ತೋರಿಸಬೇಕು. ಜೂಡೋದಲ್ಲಿ ಇದಕ್ಕೆ ರಾಂದೊರಿ ಅಂತಾರೆ. ಐಕಿಡೊದಲ್ಲೂ ಇದನ್ನ ತಂದವರಿದ್ದಾರೆ. ಜೂಡೋ, ಐಕಿಡೊ ಎರಡೂ ಬಲ್ಲ ಕೆಂಜಿ ತೊಮಿಕಿ ಕಟ್ಟಿದ ಶಾಖೆಯಲ್ಲಿ ಒಬ್ಬ ಮೆತ್ತನೆ ಚಾಕು ಹಿಡಿದು ನಿಜವಾಗಿ ತಿವಿಯೋಕೆ ಬರ್ತಾನೆ, ಇನ್ನೊಬ್ಬ ತಪ್ಪಿಸಿಕೊಂಡು ಪಟ್ಟು ಹಾಕಬೇಕು, ಅದಕ್ಕೆ ಪಂದ್ಯವೇ ಇದೆ. ಅಲ್ಲಿ ನೋಡಿದ್ರೆ ಗೊತ್ತಾಗುತ್ತೆ, ಚಂದದ ಪಟ್ಟುಗಳಲ್ಲಿ ಎಷ್ಟು ಕಡಿಮೆ ನಿಜವಾಗಿ ಕೂರುತ್ತೆ ಅಂತ.

ಜಪಾನ್ ಪೊಲೀಸರ ಮಾತು ಸುಳ್ಳಲ್ಲ. ಗೊಜೊ ಶಿಯೊದಾ ಕಟ್ಟಿದ ಯೋಶಿನ್‌ಕಾನ್ ಶಾಖೆಯಲ್ಲಿ ಟೋಕಿಯೊದ ಗಲಭೆ ನಿಯಂತ್ರಣ ಪೊಲೀಸರು ತಿಂಗಳುಗಟ್ಟಲೆ ಕಠಿಣ ತರಬೇತಿ ತಗೋತಾರೆ. ಆದ್ರೆ ಪೊಲೀಸರು ಹೋಗೋದು ಗುಂಪಾಗಿ, ಕೈಯಲ್ಲಿ ಲಾಠಿ, ಜೊತೆಗೆ ಜೂಡೋನೋ ಕೆಂಡೋನೋ (ಬಿದಿರು ಕತ್ತಿಯ ಕಾದಾಟ) ಗೊತ್ತಿರುತ್ತೆ. ಅವರ ಕೆಲಸ ಒಬ್ಬನನ್ನ ಹಿಡಿದು ಕೂರಿಸೋದು. ನಿಮ್ಮ ಮಗಳ ಕೆಲಸ ಬಿಡಿಸಿಕೊಂಡು ಓಡೋದು. ಬೇರೆ ಬೇರೆ ಕೆಲಸ ಅದು.

ಈಗ ಕೈ ಬಿಡಿಸಿಕೊಳ್ಳೋದು. ಇದನ್ನ ಮನೆಯಲ್ಲೇ ಅಭ್ಯಾಸ ಮಾಡಿಸಬಹುದು.

ಮಾಮೂಲಿ ತಪ್ಪು, ಹಿಂದಕ್ಕೆ ಜಗ್ಗೋದು. 50 ಕೆಜಿ ಹುಡುಗಿ 80 ಕೆಜಿ ಗಂಡಸಿನ ಜೊತೆ ಜಗ್ಗಾಟದಲ್ಲಿ ಗೆಲ್ಲಲ್ಲ. ಮೊದಲು ಮಂಡಿ ಬಗ್ಗಿಸಿ ಸೊಂಟ ಇಳಿಸಬೇಕು, ಇಲ್ಲದಿದ್ರೆ ಎರಡು ಹೆಜ್ಜೆ ಎಳೆದುಕೊಂಡು ಹೋಗಿಬಿಡ್ತಾನೆ. ಆಮೇಲೆ ಅವನ ಹೆಬ್ಬೆರಳ ತುದಿ, ಬೆರಳ ತುದಿ ಎಲ್ಲಿ ಸೇರುತ್ತೆ ನೋಡಬೇಕು, ಹಿಡಿತದ ಸಂದು ಅದೇ. ಮಣಿಕಟ್ಟಿನ ಅಗಲ ಭಾಗ ಆ ಸಂದಿನಲ್ಲಿ ಹೊರಬರಲ್ಲ, ತೆಳು ಅಂಚನ್ನ ಆ ಕಡೆ ತಿರುಗಿಸಬೇಕು. ತಿರುಗಿಸ್ತಾನೇ ಒಂದು ಹೆಜ್ಜೆ ಅವನ ಕಡೆಗೇ ಇಟ್ಟು, ತನ್ನ ಮೊಣಕೈನ ಅವನ ಮೊಣಕೈ ಕಡೆ ತೂರಿಸಿ, ಮುಷ್ಟಿಯನ್ನ ತನ್ನ ಕಿವಿ ಹತ್ತಿರ ತರಬೇಕು. ಮುಂದಕ್ಕೆ ಹೆಜ್ಜೆ ಇಡೋಕೆ ಮನಸ್ಸು ಒಪ್ಪಲ್ಲ, ಆದ್ರೆ ಹತ್ತಿರ ಹೋದಾಗಲೇ ಮೊಣಕೈ ಮಡಚುತ್ತೆ, ಇಡೀ ಮೈಭಾರ ಅವನ ಒಂದು ಹೆಬ್ಬೆರಳ ಮೇಲೆ ಬೀಳುತ್ತೆ. ಅವನು ಎರಡೂ ಕೈಯಲ್ಲಿ ಒಂದೇ ಕೈ ಹಿಡಿದಿದ್ರೆ, ಇನ್ನೊಂದು ಕೈಯಿಂದ ತನ್ನದೇ ಮುಷ್ಟಿ ಹಿಡಿದು, ಬಗ್ಗಿಸಿದ ಮಂಡಿ ನೇರ ಮಾಡ್ತಾ ಎರಡೂ ಕೈ ಸೇರಿಸಿ ಮೇಲಕ್ಕೆ ಕೀಳಬೇಕು. ಬಿಟ್ಟ ಕೂಡಲೇ ಎರಡೂ ಕೈ ಮುಖದ ಮುಂದೆ, ದೊಡ್ಡ ಹೆಜ್ಜೆಯಲ್ಲಿ ದೂರ, ಜೋರಾಗಿ ಕೂಗು. ಬಿಡಿಸಿಕೊಂಡು ಅಲ್ಲೇ ನಿಂತರೆ ಮತ್ತೆ ಹಿಡೀತಾನೆ.

ಅಭ್ಯಾಸಕ್ಕೆ ಅಣ್ಣನೋ ಚಿಕ್ಕಪ್ಪನೋ ಹಿಡೀಲಿ. ಮೊದಲು ಸುಮ್ಮನೆ ಹಿಡಿದಿರಲಿ. ಆಮೇಲೆ ಶಕ್ತಿಯೆಲ್ಲ ಹಾಕಿ ಹಿಡೀಲಿ. ಮೂರನೇ ಹಂತ, ಹಿಡಿದು ನಡೆಯುತ್ತಾ ಎಳೀಲಿ. ನಾಲ್ಕನೇದು, ಇನ್ನೊಂದು ಕೈಯಲ್ಲಿ ಭುಜ ತಳ್ಳಲಿ, ಯಾವಾಗ ಹಿಡೀತೀನಿ ಅಂತ ಹೇಳಲೂಬಾರದು. 10 ಸಲದಲ್ಲಿ 7 ಸಲ ಬಿಡಿಸಿಕೊಳ್ಳೋವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಮಣಿಕಟ್ಟು ಕೆಂಪಾಗಿ ಉರಿ ಬಂದ್ರೆ ಅವತ್ತಿಗೆ ಸಾಕು.

ಬೀಳೋ ವಿದ್ಯೆ, ಉಕೆಮಿ, ಐಕಿಡೊ ಕೊಡೋ ದೊಡ್ಡ ಉಡುಗೊರೆ ಅಂತ ನನ್ನ ಅಭಿಪ್ರಾಯ. ಸ್ಕೂಟಿಯಿಂದ ಬಿದ್ರೂ, ಬಚ್ಚಲಲ್ಲಿ ಜಾರಿದ್ರೂ ಕಾಪಾಡೋದು ಇದೇ. ಹಿಂದಕ್ಕೆ ಬೀಳೋವಾಗ ಗದ್ದ ಎದೆಗೆ ಒತ್ತಬೇಕು, ಕುಕ್ಕರಗಾಲಲ್ಲಿ ಕೂತು ಹಿಮ್ಮಡಿ ಹತ್ತಿರವೇ ಅಂಡು ಊರಬೇಕು, ಬೆನ್ನು ದುಂಡಗೆ ಇರಬೇಕು. ಅಂಗೈ ಹಿಂದಕ್ಕೆ ಊರಿದ್ರೆ ಮಣಿಕಟ್ಟಿನ ಮೂಳೆ ಹೋಗುತ್ತೆ. ಮುಂದಕ್ಕೆ ಉರುಳೋವಾಗ ಒಂದು ಭುಜದಿಂದ ಎದುರು ಸೊಂಟದವರೆಗೆ ಓರೆಯಾಗಿ ಉರುಳಬೇಕು, ನೆತ್ತಿ ನೆಲಕ್ಕೆ ತಾಗಲೇಬಾರದು. ಮ್ಯಾಟ್ ಮೇಲೆ ಕೈಯಿಂದ ನೆಲ ಬಡಿಯೋದು ಕಲಿಸ್ತಾರೆ. ಡಾಂಬರು, ಕಾಂಕ್ರೀಟ್ ಮೇಲೆ ಅದು ಬೇಡ, ಅಲ್ಲಿ ಉರುಳಿದ್ರೆ ಸಾಕು.

ಕ್ಲಾಸಿಗೆ ದುಡ್ಡು ಕಟ್ಟೋ ಮುಂಚೆ ಒಂದು ಪೂರ್ತಿ ತರಗತಿ ಕೂತು ನೋಡಿ. ಬೀಳಿಸೋ ಅಭ್ಯಾಸಕ್ಕೆ ಮ್ಯಾಟ್ ಸುಮಾರು 40 ಮಿಲಿಮೀಟರ್ ದಪ್ಪ ಬೇಕು, ಕರಾಟೆಗೆ ಹಾಸೋ 20ರ ಮ್ಯಾಟ್ ಸಾಲಲ್ಲ. ಶಿಹೊನಾಗೆ ಅನ್ನೋ ಪಟ್ಟಲ್ಲಿ ಬೀಳೋನ ಕೈ ಭುಜದ ಹಿಂದಕ್ಕೆ ಮಡಚಿರುತ್ತೆ, ತಲೆಯ ಹಿಂಭಾಗ ನೇರ ನೆಲಕ್ಕೆ ಬಡಿಯಬಹುದು. ಹೊಸಬರಿಗೆ ಅದನ್ನ ಜೋರಾಗಿ ಮಾಡಿಸ್ತಿದ್ರೆ ಎದ್ದು ಬನ್ನಿ. ನಿಕ್ಯೊ ಅನ್ನೋ ಪಟ್ಟಲ್ಲಿ ಮಣಿಕಟ್ಟು ಮಡಿಸೋವಾಗ, ಸಾಕು ಅಂತ ಕೈ ಬಡಿದ ಕೂಡಲೇ ಬಿಡ್ತಾರಾ ನೋಡಿ. ಮೊದಲ ತಿಂಗಳೇ ಮಂಡಿ ಮೇಲೆ ನಡೆಸ್ತಿದ್ರೆ ಮಂಡಿಗೆ ಒಳ್ಳೇದಲ್ಲ. ಮುಖ್ಯವಾಗಿ ಒಂದು ಪ್ರಶ್ನೆ ಕೇಳಿ: ‘ಸರ್, ಎದುರಿನವರು ಬೀಳದೇ ತಡೆಯೋ ಅಭ್ಯಾಸ ವಾರಕ್ಕೆ ಎಷ್ಟು ಹೊತ್ತು?’ ಉತ್ತರ ‘ಇಲ್ಲ’ ಅಂದ್ರೆ ವ್ಯಾಯಾಮಕ್ಕೆ, ಮೈಹಿಡಿತಕ್ಕೆ ಚೆನ್ನಾಗಿದೆ ಅಂದುಕೊಂಡು ಸೇರಿಸಿ, ರಕ್ಷಣೆಗೆ ಬೇಡ. ಮುಟ್ಟದೇ ಬೀಳಿಸ್ತೀನಿ ಅನ್ನೋರ ಹತ್ತಿರ ಹೋಗಲೇಬೇಡಿ.

ಜೂಡೋ ಅಥವಾ ಬಾಕ್ಸಿಂಗ್ ಸಿಗುತ್ತಾ ಅಂತ ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದ ಕಡೆ ವಿಚಾರಿಸಿ. ಸಿಕ್ಕರೆ ಮೊದಲ 6 ತಿಂಗಳು ಅದು, ಆಮೇಲೆ ಐಕಿಡೊ. ಗುದ್ದು ಎದುರಿಗೆ ಬಂದಾಗ ಕಣ್ಣು ಮುಚ್ಚದೇ ಇರೋದನ್ನ ಬಾಕ್ಸಿಂಗ್ ಕಲಿಸುತ್ತೆ, ಕೆಳಗೆ ಬಿದ್ದ ಮೇಲೆ ಏನು ಮಾಡೋದು ಅನ್ನೋದನ್ನ ಜೂಡೋ ಕಲಿಸುತ್ತೆ. ಇವೆರಡೂ ಸಾಮಾನ್ಯ ಐಕಿಡೊ ಕ್ಲಾಸಲ್ಲಿ ಇರಲ್ಲ.

ಚಾಕು, ಮಚ್ಚು ಕಂಡ್ರೆ ಯಾವ ಪಟ್ಟೂ ಬೇಡ. ಕೇಳಿದ್ದು ಕೊಟ್ಟು ಓಡಬೇಕು. ಅನುಮಾನ ಇರೋರು ಹಳೇ ಬಿಳಿ ಬನಿಯನ್ ಹಾಕಿಕೊಂಡು, ಜೊತೆಯವನ ಕೈಗೆ ಮುಚ್ಚಳ ತೆಗೆದ ಸ್ಕೆಚ್ ಪೆನ್ ಕೊಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಅರ್ಧ ನಿಮಿಷ ತಡೆದು ನೋಡಲಿ. ಆಮೇಲೆ ಬನಿಯನ್ ಮೇಲಿನ ಗೆರೆ ಎಣಿಸಲಿ. ಬೈಕಲ್ಲಿ ಬಂದು ಸರ ಎಳೆದಾಗಲೂ ಅಷ್ಟೇ, ಸರ ಹಿಡಿದುಕೊಂಡ್ರೆ ರಸ್ತೆ ಮೇಲೆ ಎಳೆದಾಡಿಬಿಡ್ತಾರೆ.

ಕಾನೂನು ಒಂದೇ ಮಾತಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂವರೆಗೆ ಆತ್ಮರಕ್ಷಣೆಯ ಹಕ್ಕಿದೆ, ಆದ್ರೆ 37ನೇ ಕಲಂ ಪ್ರಕಾರ ರಕ್ಷಣೆಗೆ ಬೇಕಾದಷ್ಟೇ. ಅವನು ಬಿಟ್ಟು ಓಡ್ತಿರೋವಾಗ ಹಿಡಿದು ಕೈ ತಿರುಚಿ ಮೂಳೆ ಮುರಿದ್ರೆ ಅದು ರಕ್ಷಣೆ ಆಗಲ್ಲ, ತೀವ್ರ ಗಾಯ ಮಾಡಿದ ಕೇಸು ನಮ್ಮ ಮೇಲೇ ಬರಬಹುದು.

ಸ್ಟೇಷನ್ನಿಂದ ಮನೆಗೆ ನಡೆಯೋವಾಗ ಕಿವಿಯಲ್ಲಿ ಇಯರ್‌ಫೋನ್ ಬೇಡ, ಎದುರಿಂದ ಗಾಡಿ ಬರೋ ಬದಿಯಲ್ಲಿ ನಡೀಲಿ, ಬ್ಯಾಗ್ ರಸ್ತೆ ಕಡೆ ಇಲ್ಲದ ಭುಜಕ್ಕೆ ಇರಲಿ, 112 ಒತ್ತೋಕೆ ಬರೋ ಹಾಗೆ ಫೋನ್ ಕೈಗೆ ಸಿಗೋ ಜೇಬಲ್ಲಿರಲಿ. ಕ್ಲಾಸ್ ನೋಡಿಕೊಂಡು ಬಂದ ಮೇಲೆ ಮ್ಯಾಟ್ ಎಷ್ಟು ದಪ್ಪ ಇತ್ತು, ಆ ಪ್ರಶ್ನೆಗೆ ಮಾಸ್ಟರ್ ಏನಂದ್ರು ಅಂತ ಇಲ್ಲೇ ಬರೀರಿ ಅಣ್ಣ, ಸೇರಿಸೋದಾ ಬೇಡವಾ ಅಂತ ನೋಡಿ ಹೇಳ್ತೀನಿ.