ಹಕ್ಕಿ ಅದಾವ್ರಿ, ನೀವ ತಡಾ ಮಾಡಿ ಹೋಗಿದ್ರಿ

ಪ್ರಶ್ನೆ: ಹೋದ ಭಾನುವಾರ ನಾವು ಹದಿನಾಲ್ಕು ಮಂದಿ ಆನೆಗೊಂದಿ ಕಡೆ ಹಕ್ಕಿ ನೋಡಾಕ ಹೋಗಿದ್ವಿ, ಒಗ್ಗರಣಿ-ಮಿರ್ಚಿ ತಿಂದು ಹೊಂಟಾಗ ಎಂಟೂವರಿ, ಹನ್ನೊಂದರ ತನಕ ಬಿಸಿಲಾಗ ಅಡ್ಡಾಡಿದ್ರೂ ಕಾಗಿ, ಗುಬ್ಬಿ, ಎರಡು ಮೈನಾ ಅಷ್ಟ. ಹುಡುಗ್ರು ಪಟ್ಟೆತಲೆ ಹೆಬ್ಬಾತು ಬೇಕಂತ ಹಟ ಹಿಡಿದಾವು. ವೈಶಾಖದಾಗ ನಮ್ಮ ಕಡೆ ಹಕ್ಕಿ ಇರೋದ ಇಲ್ಲೇನ್ರಿ?
- ಗಂಗಾವತಿಯ ಓದುಗರು

ಉತ್ತರ: ಅದಾವ್ರಿ, ನೀವು ಹೊಂಡೋ ಹೊತ್ತಿಗೆ ಅವು ನೆರಳು ಸೇರಿರ್ತಾವು. ಈ ಬಿಸಿಲಾಗ 9 ಗಂಟಿ ಮ್ಯಾಲೆ ನಮಗ ಹೊರಗ ನಿಲ್ಲಾಕ ಆಗಂಗಿಲ್ಲ, ಅವಕ್ಕ ಆಗ್ತೈತೇನು? ಐದೂವರಿಗೆ ಅಲ್ಲಿರ್ರಿ. ಒಗ್ಗರಣಿ ಡಬ್ಬ್ಯಾಗ ಹಾಕ್ಕೊಂಡು ಹೋಗ್ರಿ.

ಮತ್ತ ಅಡ್ಡಾಡಬ್ಯಾಡ್ರಿ, ಕುಂದರ್ರಿ. ಬ್ಯಾಸಗ್ಯಾಗ ನೀರು ಎಲ್ಲೈತೋ ಹಕ್ಕಿ ಅಲ್ಲೇ ಬರ್ತಾವು, ಸಣ್ಣ ಹೊಂಡ ಇದ್ರೂ ಸಾಕು. ಪಾರಿವಾಳದಷ್ಟ ಇರೋ ಸ್ಯಾಂಡ್‌ಗ್ರೌಸ್ ಹಿಂಡು ಬಿಸಿಲು ಏರೋ ಮುಂದ ನೀರಿಗೆ ಇಳಿತಾವು, ಗಂಡು ಹೊಟ್ಟಿ ಪುಕ್ಕ ನೀರಾಗ ತೋಯಿಸ್ಕೊಂಡು ಹಾರಿ ಹೋಗಿ ಮರಿಗೆ ಕುಡಿಸ್ತೈತಿ, ಮರಿ ಆ ಪುಕ್ಕ ಚೀಪಿ ನೀರು ಕುಡಿತಾವು! ಟಿಟ್ಟಿಭನೂ ಹಂಗ, ಹೊಟ್ಟಿ ತೋಯಿಸ್ಕೊಂಡು ಬಂದು ತತ್ತಿ ತಂಪು ಮಾಡ್ತೈತಿ. ಅದು ಗೂಡು ಅಂತ ಕಟ್ಟಂಗಿಲ್ಲ, ಬಯಲಾಗ ಸಣ್ಣ ಕಲ್ಲಿನ ನಡುವೆನ ತತ್ತಿ ಇಡ್ತೈತಿ, ಕಲ್ಲಿಗೂ ತತ್ತಿಗೂ ಫರಕ್ ಗೊತ್ತಾಗಂಗಿಲ್ಲ. ಹದಿನಾಲ್ಕು ಮಂದಿ ಅಂದ್ರ ಇಪ್ಪತ್ತೆಂಟು ಕಾಲು, ಲೆಕ್ಕ ಹಾಕ್ರಿ. ತಲಿ ಮ್ಯಾಲೆ ಬಂದು ಚೀರಾಕ ಹತ್ತಿತು ಅಂದ್ರ ಮೊಬೈಲ್ ತೆಗಿಬ್ಯಾಡ್ರಿ, ಬಂದ ದಾರಿ ಹಿಡಿದು ಹಿಂದ ಸರೀರಿ, ನೀವು ನಿಂತಷ್ಟು ಹೊತ್ತು ತತ್ತಿ ಬಿಸಿಲಾಗ ಬೇಯ್ತಾವು.

ಅದಕ್ಕ ಐದಾರು ಮಂದಿ ಒಂದು ಗುಂಪು ಮಾಡ್ಕೊರ್ರಿ. ಒಬ್ಬೊಬ್ಬರಂತೂ ಬ್ಯಾಡ, ಆ ಗುಡ್ಡದಾಗ ಕರಡಿ, ಚಿರತಿ ಅದಾವು.

ಬಂಡಿಗಲ್ಲಿನ ಕಡೆ ಕಣ್ಣಿಟ್ರ ಹಳದಿ ಕೊರಳಿನ ಪಿಕಳಾರ ಸಿಗಬಹುದು, ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ರ ಬ್ಯಾರೆ ಕಡೆ ಇರದ ಹಕ್ಕಿ ಅದು. ಮೊಬೈಲ್‌ದಾಗ ಅದರ ಕೂಗು ಹಾಕಿ ಕರೆಯೋ ಮಂದಿ ಅದಾರ, ನನಗಂತೂ ಸಿಟ್ಟು ಬರ್ತೈತಿ, ತತ್ತಿ-ಮರಿ ಬಿಟ್ಟು ಜಗಳಕ್ಕ ಬರ್ತಾವು ಪಾಪ.

ಹೆಬ್ಬಾತು ಚಳಿಗಾಲದ ಗೆಸ್ಟ್, ಈಗ ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆ ಹೋಗ್ಯಾವು. ಹುಡುಗ್ರಿಗೆ ಡಿಸೆಂಬರ್‌ದಾಗ ತುಂಗಭದ್ರಾ ಡ್ಯಾಮಿನ ಹಿನ್ನೀರಿಗೆ ಕರ್ಕೊಂಡು ಹೋಗ್ತೀವಿ ಅಂತ ಹೇಳ್ರಿ.