ವಯಸ್ಸಾದ ಬೆಕ್ಕಿಗೆ ಬಿಕ್ಕಳಿಕೆ ಥರ ಬರುತ್ತಿದೆ, ಸೋಮವಾರದವರೆಗೆ ಕಾಯಬಹುದಾ?

ನಿಮ್ಮ 13 ವರ್ಷದ ಬೆಕ್ಕು ಆಗಾಗ ಬಿಕ್ಕಳಿಸುತ್ತಿದೆ, ಕೂದಲುಂಡೆ ಏನೂ ಹೊರಗೆ ಬರುತ್ತಿಲ್ಲ, ಊಟ ಮಾತ್ರ ಮಾಡುತ್ತಿದೆ ಅಂದಿರಿ. ಕಾಯಬೇಕೋ ಬೇಡವೋ ಅನ್ನೋದನ್ನ ಇವತ್ತು ರಾತ್ರಿಯೇ ನೋಡಿಕೊಳ್ಳಬಹುದು.

ಅದು ಚೆನ್ನಾಗಿ ನಿದ್ದೆ ಹೋದ ಮೇಲೆ ಪಕ್ಕೆ ನೋಡಿ. ಒಂದು ಸಲ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡ್ ಎಣಿಸಿ, ದುಪ್ಪಟ್ಟು ಮಾಡಿ. ಗುರ್ ಗುರ್ ಅನ್ನುತ್ತಿದ್ದರೆ ಲೆಕ್ಕ ಸಿಗುವುದಿಲ್ಲ, ಅದು ನಿಂತ ಮೇಲೆ ಎಣಿಸಿ. ನಿಮಿಷಕ್ಕೆ 30ರ ಒಳಗಿದ್ದರೆ ಸೋಮವಾರ ತೋರಿಸಿ. ಮತ್ತೆ ಎಣಿಸಿದಾಗಲೂ 30 ದಾಟಿದರೆ ಕಾಯಬೇಡಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ವಸಡು ಬಿಳಿಚಿಕೊಂಡಿದ್ದರೆ ಅಥವಾ ನೀಲಿಯಾಗಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಟುಬಿಡಿ.

ಬಿಕ್ಕಳಿಕೆ ಗಬಗಬ ತಿನ್ನುವ ಮರಿಗಳಿಗೆ ಬರುತ್ತೆ, ತಾನೇ ಹೋಗುತ್ತೆ. ಈ ವಯಸ್ಸಲ್ಲಿ ಪದೇಪದೇ ಬಂದರೆ ಅದು ಬೇರೆಯೇ ಇರಬಹುದು. ನಮ್ಮ ಮನೆಯ ಮುದಿ ಬೆಕ್ಕು ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಮುದುರಿ ಕೂತು, ಕತ್ತು ಮುಂದಕ್ಕೆ ಚಾಚಿ, ಮೈ ಎಲ್ಲ ಅದುರುವ ಹಾಗೆ ಮಾಡುತ್ತಿತ್ತು. ಕೊನೆಗೆ ಏನೋ ನುಂಗಿದಂತೆ ಮಾಡಿ, ತುಟಿ ನೆಕ್ಕಿಕೊಂಡು ಎದ್ದು ಹೋಗುತ್ತಿತ್ತು. ಡಾಕ್ಟರ ಮುಂದೆ ಒಂದು ಸಲವೂ ಮಾಡಲಿಲ್ಲ. ಮೊಬೈಲ್‌ನಲ್ಲಿ ತೆಗೆದ ವಿಡಿಯೋ ನೋಡಿ, ಇದು ಕೆಮ್ಮು ಅಂದರು. ಎಕ್ಸ್‌ರೇ ಆದ ಮೇಲೆ ಉಬ್ಬಸ ಅಂತ ಗೊತ್ತಾಯಿತು. ನೀವೂ ವಿಡಿಯೋ ಮಾಡಿಟ್ಟುಕೊಳ್ಳಿ, ಬಹಳ ಉಪಯೋಗಕ್ಕೆ ಬರುತ್ತೆ. ಈಗ ನಮ್ಮ ಬೆಕ್ಕಿಗೆ ಪುಟ್ಟ ಮಾಸ್ಕ್ ಇಟ್ಟು ಇನ್‌ಹೇಲರ್ ಕೊಡುತ್ತೇವೆ. ಊದಿನಕಡ್ಡಿ, ಸಾಂಬ್ರಾಣಿ, ಸೊಳ್ಳೆ ಬತ್ತಿ ಎಲ್ಲ ನಿಲ್ಲಿಸಿದೆವು. ಬೆಕ್ಕಿನ ಕಕ್ಕಸಿಗೆ ಹಾಕುವ ದೂಳೇಳುವ ಮರಳು (ಲಿಟರ್) ಕೂಡ ಬದಲಾಯಿಸಿದೆವು.

ಆದರೆ ನಿಮ್ಮದೂ ಉಬ್ಬಸವೇ ಅಂದುಕೊಳ್ಳಬೇಡಿ. ವಯಸ್ಸಾದ ಬೆಕ್ಕಿನಲ್ಲಿ ಹೃದಯದ ಗೋಡೆ ದಪ್ಪಗಾಗುವುದು, ಶ್ವಾಸಕೋಶದ ಸುತ್ತ ನೀರು ತುಂಬುವುದು, ಥೈರಾಯ್ಡ್ ಜಾಸ್ತಿಯಾಗುವುದು, ಇವೂ ಇರುತ್ತವೆ. ಹೃದಯದ ತೊಂದರೆ ಇರುವ ನಾಯಿ ಕೆಮ್ಮುತ್ತೆ; ಬೆಕ್ಕು ಸಾಮಾನ್ಯವಾಗಿ ಕೆಮ್ಮುವುದಿಲ್ಲ, ಉಸಿರು ಮಾತ್ರ ಜೋರಾಗುತ್ತೆ. ಎಣಿಸಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ. ಎಕ್ಸ್‌ರೇ ಜೊತೆ ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡ್ ರಕ್ತ ಪರೀಕ್ಷೆ ಬೇಕಾ ಅಂತಲೂ ಕೇಳಿ.

ಯಾರೋ ಹೇಳಿದರು ಅಂತ ಸ್ಟೀರಾಯ್ಡ್ ಮಾತ್ರೆ ಕೊಡಬೇಡಿ, ಹೃದಯದ ಕಾಯಿಲೆ ಇದ್ದರೆ ಪರಿಸ್ಥಿತಿ ಕೆಡುತ್ತೆ. ಪ್ಯಾರಸಿಟಮಾಲ್ ಅಂತೂ ಬೆಕ್ಕಿಗೆ ವಿಷ. ನೀಲಗಿರಿ ಎಣ್ಣೆ, ವಿಕ್ಸ್ ಹತ್ತಿರವೂ ತರಬೇಡಿ.

ಹೊರಡುವಾಗ ಬ್ಯಾಸ್ಕೆಟ್ ಮೇಲೆ ತೆಳು ಬಟ್ಟೆ ಹಾಕಿ, ಗಾಳಿಯಾಡಲು ಒಂದು ಕಡೆ ಬಿಡಿ. ಕತ್ತಿನ ಚರ್ಮ ಹಿಡಿದು ಎತ್ತಬೇಡಿ. ಉಸಿರಿಗೆ ಕಷ್ಟಪಡುವ ಬೆಕ್ಕು ಗಾಬರಿಯಾದರೆ ಇನ್ನೂ ಕುಸಿಯುತ್ತೆ. ಹಗಲಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ರಾತ್ರಿ ಬೇಕಾಗಬಹುದಾದ ಕ್ಲಿನಿಕ್‌ಗೆ ಈಗಲೇ ಫೋನ್ ಮಾಡಿ, ಎಷ್ಟು ಹೊತ್ತಿನವರೆಗೆ ಡಾಕ್ಟರ್ ಇರುತ್ತಾರೆ, ಆಕ್ಸಿಜನ್ ಇದೆಯಾ ಅಂತ ಎರಡನ್ನೂ ಕೇಳಿಟ್ಟುಕೊಳ್ಳಿ.